ಪ್ರೊಫೆಸರ್ ಇನ್ನಿಲ್ಲ ಎಂಬ ಬೋರ್ಡು

"ಇನ್ನೊಂದು ಸಲ ಆ ಬೋರ್ಡಿಗೆ ಕೈ ಹಾಕು, ಇದೇ ಸುತ್ತಿಗೆಯಿಂದ ಬೆರಳು ಜಜ್ಜಿಬಿಡ್ತೀನಿ."

ಸತ್ತವನ ಅಕ್ಕ ಬಾಗಿಲ ಬಳಿ ಸ್ಟೂಲಿನ ಮೇಲೆ ನಿಂತಿದ್ದಳು. ತುಟಿಗಳ ನಡುವೆ ಕಚ್ಚಿಕೊಂಡಿದ್ದ ಮೊಳೆಯನ್ನು ತೆಗೆದು ಬೈದಳು, ಮತ್ತೆ ಕಚ್ಚಿಕೊಂಡಳು.

"ಅಕ್ಕಾ, ಕೆಳಗಿಳೀರಿ," ಎಂದಳು ಸತ್ತವನ ಹೆಂಡತಿ. "ಅವರು ಪ್ರೊಫೆಸರ್ ಆಗಿರಲಿಲ್ಲ."

ಮೊಳೆ ಮತ್ತೆ ಬಾಯಿಂದ ಹೊರಗೆ ಬಂತು. "ಆಗದ ಹಾಗೆ ಮಾಡಿದ್ದು ಯಾರು? ಹೇಳು, ಬಂದವರೆಲ್ಲ ಕೇಳಲಿ. ಗಂಡನ ಕಾಲು ತಾನೇ ಕತ್ತರಿಸಿ, ಇವನು ಕುಂಟ ಅಂತ ಸರ್ಟಿಫಿಕೇಟ್ ಕೊಟ್ಟವಳು ನೀನು."

ಬಂದವರೆಲ್ಲ ಕೇಳಿದರು. ಮುಂದಿನ ಕೋಣೆಯಲ್ಲಿ ಶವಪೆಟ್ಟಿಗೆಯೊಳಗೆ ಮಲಗಿದ್ದವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ತಮ್ಮ ತಮ್ಮ ಚಹಾ ಲೋಟದೊಳಗೆ ಇಣುಕಿ ನೋಡತೊಡಗಿದರು.

ಬೋರ್ಡನ್ನು ಅಕ್ಕ ಬೆಳಿಗ್ಗೆಯೇ ಬರೆಸಿ ತಂದಿದ್ದಳು. ಬಿಳಿ ಹಲಗೆ, ಕಪ್ಪು ಅಕ್ಷರ. ಮೇಲೆ "ಪ್ರೊಫೆಸರ್", ನಡುವೆ ತಮ್ಮನ ಹೆಸರು, ಕೆಳಗೆ "ಇನ್ನಿಲ್ಲ". ಬಣ್ಣ ಇನ್ನೂ ಹಸಿಯಾಗಿತ್ತು.

"ಒಂದು ದಿನದ ಮಟ್ಟಿಗೆ ಇರಲಿ ಬಿಡಿ, ಮೇಡಂ," ಎಂದರು ಕಪ್ಪೆ ಪ್ರೊಫೆಸರ್. ಕಪ್ಪೆಗಳ ಮೇಲೆ ಸಂಶೋಧನೆ ಮಾಡಿದವರು. ವಿಶ್ವವಿದ್ಯಾಲಯದಲ್ಲಿ ಸತ್ತವನ ಪಕ್ಕದ ಕೋಣೆಯಲ್ಲೇ ಕೂತು, ಅವನಿಗೆ ಸಿಗದ ಬಡ್ತಿಯನ್ನು ಪಡೆದವರು. "ಇವತ್ತು ಯಾರು ಲೆಕ್ಕ ಕೇಳ್ತಾರೆ?"

"ಒಂದು ದಿನದ ಸುಳ್ಳೂ ಸುಳ್ಳೇ ಸಾರ್."

"ಕೇಳಿದ್ರಾ," ಎಂದಳು ಅಕ್ಕ. "ಹೆಣದ ಮುಂದೆಯೂ ಇವಳ ತಕ್ಕಡಿ ಕೆಳಗಿಳಿಯಲ್ಲ. ನನ್ನ ತಮ್ಮ ಆ ಕೊರಗಿನಲ್ಲೇ ಹೋದ."

ಹೆಂಡತಿ ಎದುರುತ್ತರ ಕೊಡುವ ಹೆಂಗಸೇ. ಆದರೆ ಕೊರಗು ಇತ್ತೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಗಂಡನನ್ನು ಕೇಳುವ ಧೈರ್ಯ ಒಂದು ದಿನವೂ ಬಂದಿರಲಿಲ್ಲ. ಇನ್ನು ಕೇಳೋಣವೆಂದರೆ ಅವನು ಪೆಟ್ಟಿಗೆಯಲ್ಲಿದ್ದ.

*

ವಿಶ್ವವಿದ್ಯಾಲಯದ ಗ್ರಂಥಾಲಯದ ಮಹಡಿಯಲ್ಲಿ ಅವಳ ಕಚೇರಿ. ಅದಕ್ಕೆ ಎಲ್ಲರೂ ಅಳತೆ ಕೋಣೆ ಎನ್ನುತ್ತಿದ್ದರು. ಯಾರು ಎಷ್ಟು ಸಂಶೋಧನಾ ಲೇಖನ ಬರೆದಿದ್ದಾರೆ, ಅವನ್ನು ಬೇರೆಯವರು ತಮ್ಮ ಲೇಖನಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ನೋಡಿ ಮೊಹರು ಒತ್ತಿ ಪ್ರಮಾಣಪತ್ರ ಕೊಡುವುದು ಅವಳ ಕೆಲಸ. ಆ ಪತ್ರವಿಲ್ಲದೆ ಯಾರಿಗೂ ಬಡ್ತಿಯಿಲ್ಲ. ತಮ್ಮನ್ನು ತಾವೇ ಉಲ್ಲೇಖಿಸಿಕೊಂಡು ಸಂಖ್ಯೆ ಉಬ್ಬಿಸಿಕೊಂಡವರದನ್ನು ಅವಳು ನಿರ್ದಾಕ್ಷಿಣ್ಯವಾಗಿ ಕಡಿಯುತ್ತಿದ್ದಳು. ಹಾಗಾಗಿ ಬೆನ್ನ ಹಿಂದೆ ಅವಳ ಹೆಸರು ಕತ್ತರಿಯಮ್ಮ.

ಒಂದು ದಿನ ಗಂಡನ ಅರ್ಜಿಯೇ ಮೇಜಿಗೆ ಬಂತು. "ಇದನ್ನು ಬೇರೆಯವರಿಗೆ ಕೊಡಿ," ಎಂದು ಮೇಲಧಿಕಾರಿಗೆ ಹೇಳಿದಳು. "ಬೇರೆಯವರು ಯಾರಿದ್ದಾರಮ್ಮ ಇಲ್ಲಿ? ನೀನು, ನಾನು, ಜೇಡ," ಎಂದರು ಅವರು.

ಕಂಪ್ಯೂಟರ್ ತೆರೆದರೆ ಗಂಡ ಇಡೀ ವಿಶ್ವವಿದ್ಯಾಲಯಕ್ಕೇ ಮೊದಲಿಗ. ಬಸವನಹುಳುಗಳ ಬಗ್ಗೆ ಬರೆಯುವ, ಊರಿಗೆಲ್ಲ ಬಸವನಹುಳು ಮೇಷ್ಟ್ರಾದ ತನ್ನ ಗಂಡ. ವಿಭಾಗದಲ್ಲಿ ಆಗಲೇ ಎಲ್ಲರೂ ಕೈ ಕುಲುಕಿಬಿಟ್ಟಿದ್ದರು. ಅವಳಿಗೂ ಎದೆ ಉಬ್ಬಿತು. ಆಮೇಲೆ ಲೇಖನಗಳನ್ನು ಒಂದೊಂದಾಗಿ ತೆಗೆದು ನೋಡಿದಳು.

ಸಂಜೆ ಊಟಕ್ಕೆ ಕೂತಾಗ ಕೇಳಿದಳು, "ರೀ, ನೀವು ಯಾವಾಗ ಸೇತುವೆ ಕಟ್ಟಿದ್ದು?"

"ನಾನಾ? ನಾನು ಕ್ಯಾಲೆಂಡರಿಗೆ ಮೊಳೆ ಹೊಡೆದರೇ ಗೋಡೆ ಉದುರುತ್ತೆ."

"ಬಿಸಿಲಿಗೆ ಕಾಂಕ್ರೀಟ್ ಸೇತುವೆ ಬಿರುಕು ಬಿಡೋದರ ಮೇಲೆ ನಿಮ್ಮ ಹೆಸರಲ್ಲಿ ರಾಶಿ ಲೇಖನ ಇದೆ."

ಅದೇ ಹೆಸರು, ಅದೇ ಇನಿಷಿಯಲ್ಲು ಇರುವ ಇನ್ನೊಬ್ಬ ಪಕ್ಕದ ಊರಿನ ಬೇರೊಂದು ವಿಶ್ವವಿದ್ಯಾಲಯದಲ್ಲಿದ್ದ. ಕಂಪ್ಯೂಟರ್ ಇಬ್ಬರನ್ನೂ ಒಬ್ಬನನ್ನಾಗಿ ಮಾಡಿತ್ತು. ಸೇತುವೆಗಳನ್ನೆಲ್ಲ ಅವಳು ಕಡಿದಳು. ಉಳಿದ ಬಸವನಹುಳುಗಳಲ್ಲಿ ಅರ್ಧ ಉಲ್ಲೇಖ ಗಂಡನೇ ಮಾಡಿಕೊಂಡದ್ದು, ಅದನ್ನೂ ಕಡಿದಳು. ಬಡ್ತಿಗೆ ಬೇಕಾದ ಸಂಖ್ಯೆ ಸಿಗಲಿಲ್ಲ.

ಮೊಹರು ಬಿದ್ದ ಹಾಳೆಯನ್ನು ನೋಡಿ ಅವನು ಜೋರಾಗಿ ನಕ್ಕ. "ಅಲ್ವೇ, ಬಸವನಹುಳು ಅಷ್ಟು ಎತ್ತರ ಹತ್ತಿದಾಗಲೇ ಅನುಮಾನ ಬರಬೇಕಿತ್ತು ನಮಗೆ," ಎಂದ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಆ ನೀರು ನಗುವಿನದೋ ಬೇರೆಯದೋ ಅವಳಿಗೆ ತಿಳಿಯಲಿಲ್ಲ.

*

ಹೆಣ ಒಯ್ಯುವ ಗಾಡಿ ಬಂದು ನಿಂತಿತು. "ಹೊರಡೋಣವಾ?" ಎಂದು ಡ್ರೈವರ್ ಇಣುಕಿದ. ಅವನ ಹಿಂದೆಯೇ ಎತ್ತರದ ಮುದುಕನೊಬ್ಬ ಬಂದು ಬಾಗಿಲಲ್ಲಿ ನಿಂತ. ಬೋರ್ಡು ಓದಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ.

"ಇದನ್ನು ಬರೆಸಿದ್ದು ಯಾರು?"

"ನಾನು. ಏನೀಗ?" ಎಂದಳು ಅಕ್ಕ. ಸುತ್ತಿಗೆ ಇನ್ನೂ ಕೈಯಲ್ಲೇ ಇತ್ತು.

"ನಾನು ಸತ್ತಿಲ್ಲವಲ್ಲಮ್ಮ."

ಯಾರಿಗೂ ಏನೂ ಅರ್ಥವಾಗಲಿಲ್ಲ. ಹೆಂಡತಿಗೆ ಮಾತ್ರ ಆಯಿತು. "ನೀವು ಸೇತುವೆಯವರು," ಎಂದಳು.

"ಹೌದು. ಹೆಸರು ನಂದೂ ಇದೇ. ಪ್ರೊಫೆಸರ್ ಆಗಿದ್ದವನು ನಾನು. ಈ ಬೋರ್ಡಿನ ಪ್ರಕಾರ ಪೆಟ್ಟಿಗೆಯಲ್ಲಿ ಇರಬೇಕಾದವನೂ ನಾನೇ." ಮುದುಕ ಕುರ್ಚಿ ಎಳೆದು ಕೂತ. "ಬೆಳಿಗ್ಗೆಯಿಂದ ನಮ್ಮನೆಗೆ ಒಂದೇ ಸಮನೆ ಫೋನು. ನನ್ನ ಹೆಂಡತಿಗೆ ಸಮಾಧಾನ ಹೇಳ್ತಿದ್ದಾರೆ. ಅವರು ಸ್ನಾನಕ್ಕೆ ಹೋಗಿದ್ದಾರೆ ಅಂತ ಇವಳು, ಧೈರ್ಯ ತಂದುಕೊಳ್ಳಿ ಅಂತ ಅವರು. ನಾನು ಟವೆಲು ಸುತ್ತಿಕೊಂಡು ಬಂದು ಫೋನ್ ತಗೊಂಡೆ. ಆ ಕಡೆಯವರು ಕಿರುಚಿ ಇಟ್ಟುಬಿಟ್ಟರು. ಹಾಗೆ ಗೊತ್ತಾಯಿತು, ಹೋದವನು ನನ್ನ ಗೆಳೆಯ ಅಂತ."

ಕಪ್ಪೆ ಪ್ರೊಫೆಸರ್‌ಗೆ ಚಹಾ ನೆತ್ತಿಗೇರಿತು. ಅವರ ಬೆನ್ನು ತಟ್ಟಲು ಹೋದ ಡ್ರೈವರನೂ ನಕ್ಕುಬಿಟ್ಟ.

"ಗೆಳೆಯ?" ಎಂದಳು ಹೆಂಡತಿ. "ನಿಮ್ಮನ್ನು ನೋಡಿದ್ದೀನಿ ಅಂತ ಅವರು ಯಾವತ್ತೂ ಹೇಳಲಿಲ್ಲ."

"ಹುಳು ಹಿಡಿಯೋಕೆ ಹೋಗ್ತೀನಿ ಅಂತ ನಿಮಗೆ ಹೇಳಿ ನಮ್ಮನೆಗೆ ಬರ್ತಿದ್ದ."

"ಬರಿಗೈಲಿ ವಾಪಸ್ ಬರೋರು. ಯಾಕ್ರೀ ಅಂದ್ರೆ, ಓಡಿಹೋದವು ಕಣೇ ಅನ್ನೋರು."

ಈ ಸಲ ಅಕ್ಕನೂ ನಕ್ಕಳು. ನಕ್ಕದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂದು ಸ್ಟೂಲನ್ನು ಕಾಲಿಂದ ಸರಿಸಿದಳು.

ಮುದುಕ ಹೇಳುತ್ತಾ ಹೋದ. ಸೇತುವೆಯವರ ಸಭೆಯೊಂದಕ್ಕೆ ತನಗೆ ಬರಬೇಕಾದ ಆಹ್ವಾನ ಗೆಳೆಯನಿಗೆ ಹೋಗಿತ್ತಂತೆ. ನೀನೇ ಹೋಗು ಎಂದು ತಾನೇ ಕಳಿಸಿದನಂತೆ. ಇವನು ವೇದಿಕೆ ಹತ್ತಿ, ಬಸವನಹುಳು ನೆಟ್ಟಗಿನ ಗೋಡೆಗೆ ಬೀಳದೆ ಹೇಗೆ ಅಂಟಿಕೊಂಡಿರುತ್ತದೆ ಎಂದು ಹೇಳಿದನಂತೆ. ಎಂಜಿನಿಯರುಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. "ನಾನು ಹಿಂದಿನ ಸಾಲಿನಲ್ಲಿ ಕೂತು ನನ್ನ ಭಾಷಣ ಕೇಳಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾತಾಡಿಲ್ಲ."

ನಗು ಇಳಿಯುವವರೆಗೆ ಹೆಂಡತಿ ಕಾದಳು. ಆಮೇಲೆ ಎಲ್ಲರ ಎದುರಿಗೇ ಕೇಳಿಬಿಟ್ಟಳು.

"ಅವರಿಗೆ ನನ್ನ ಮೇಲೆ ಸಿಟ್ಟಿತ್ತಾ?"

"ಇತ್ತು," ಎಂದ ಮುದುಕ.

ಅಕ್ಕ ತಲೆ ಎತ್ತಿದಳು.

"ಮೊದಲ ದಿನ ಸಿಟ್ಟಿನಲ್ಲೇ ಬಂದಿದ್ದ. ಒಂದೆರಡು ಲೇಖನ ಬಿಟ್ಟುಕೊಡ್ತೀಯಾ, ಇಬ್ಬರೂ ಸೇರಿ ಬರೆದಿದ್ದು ಅಂತ ಹೇಳೋಣ ಅಂದ. ಅವನ ಮುಖ ನೋಡಿ ಅಯ್ಯೋ ಅನಿಸ್ತು, ಆಗಲಿ ಅಂದೆ. ಚಹಾ ಕುಡಿದ. ಲೋಟ ಕೆಳಗಿಟ್ಟು, ಬೇಡ ಬಿಡು, ಅದನ್ನೂ ಕಡಿದುಬಿಡ್ತಾಳೆ ಅಂದ. ಅಂದವನೇ ನಗೋಕೆ ಶುರು ಮಾಡಿದ. ಊರಲ್ಲಿ ಎಲ್ಲರ ಅಳತೆಗೂ ಸ್ವಲ್ಪ ಗಾಳಿ ತುಂಬಿದೆ, ಸರಿಯಾಗಿರೋದು ನಂದೊಂದೇ ಅಂದ. ನಾನು ಎಷ್ಟಿದ್ದೀನಿ ಅಂತ ಪೂರ್ತಿ ಗೊತ್ತಿದ್ದೂ ದಿನಾ ನನ್ನೆದುರು ಊಟಕ್ಕೆ ಕೂರ್ತಾಳಲ್ಲ, ನಿನಗೆ ಅಂಥವಳು ಸಿಕ್ಕಿದ್ದಾಳಾ ಅಂತ ನನ್ನನ್ನೇ ಕೇಳಿದ. ಆಮೇಲೆ ಬಂದಾಗಲೆಲ್ಲ ಇದೇ ಜಂಬ. ನನ್ನ ಹೆಂಡತಿಗೆ ಕೇಳಿ ಕೇಳಿ ಸಾಕಾಗಿತ್ತು."

ಅವಳು ನಕ್ಕಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ನೀರು ಯಾವುದರದು ಎಂದು ಯಾರೂ ಕೇಳಲಿಲ್ಲ.

ಅಕ್ಕ ಮತ್ತೆ ಸ್ಟೂಲು ಹತ್ತಿದಳು. ಸುತ್ತಿಗೆಯ ಹಿಂಬದಿಯಿಂದ ಮೊಳೆಗಳನ್ನು ಕಿತ್ತಳು. ಬೋರ್ಡನ್ನು ಮುದುಕನ ಕೈಗೆ ಕೊಟ್ಟಳು.

"ತಗೊಳ್ಳಪ್ಪ. ನಿಂದೇ ಇದು."

"ನನ್ನ ಸಾಮಾನು ಮತ್ತೆ ನಿಮ್ಮನೆಗೇ ಬಂದಿತ್ತು," ಎಂದ ಮುದುಕ. "ಒಳ್ಳೇ ಹಲಗೆ. ಇಟ್ಟುಕೊಂಡಿರ್ತೀನಿ, ಬೇಕಾಗುತ್ತೆ."

"ಹುಷಾರು, ಬಣ್ಣ ಹಸಿ ಇದೆ. ಕೋಟಿಗೆ ಅಂಟೀತು. ಗಾಡಿಯಲ್ಲಿ ನನ್ನ ಪಕ್ಕ ಕೂತ್ಕೋ ಬಾ."

"ಇಲ್ಲಮ್ಮ. ನನ್ನ ಹೆಸರನ್ನೇ ಮಣ್ಣಿಗೆ ಹಾಕೋದನ್ನ ನಿಂತು ನೋಡೋಕೆ ನನ್ನ ಕೈಲಾಗಲ್ಲ."

ಅವನು ಪೆಟ್ಟಿಗೆಯ ಬಳಿ ಹೋಗಿ ಬಗ್ಗಿದ. ತನ್ನ ಹೆಸರನ್ನೇ ಒಂದು ಸಲ ಮೆಲ್ಲಗೆ ಕರೆದ. ಆಮೇಲೆ ಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದ.

ಆದರೂ ಅಕ್ಕ ಗಾಡಿಯಲ್ಲಿ ತನ್ನ ಪಕ್ಕದ ಜಾಗ ಬಿಟ್ಟುಕೊಂಡೇ ಕೂತಳು. ಡ್ರೈವರ್ ಎರಡು ಸಲ ಹಾರ್ನ್ ಹಾಕಿದ. ಮುದುಕ ಬರಲಿಲ್ಲ.

ಗಾಡಿ ತಿರುವಿಗೆ ಬಂದಾಗ ಹೆಂಡತಿ ಕಿಟಕಿಯಿಂದ ನೋಡಿದಳು. ಮುದುಕ ರಸ್ತೆಯಂಚಿನಲ್ಲಿ ದಾಪುಗಾಲು ಹಾಕುತ್ತಿದ್ದ. ಬೋರ್ಡಿನ ಅಕ್ಷರಗಳು ಹೊರಮುಖವಾಗಿದ್ದವು. ಪಂಕ್ಚರ್ ಅಂಗಡಿಯವನು ಅದನ್ನು ಓದಿ ಟೋಪಿ ತೆಗೆದ. ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ಮಾತು ನಿಲ್ಲಿಸಿ ಎದ್ದು ನಿಂತರು. ಒಬ್ಬೊಬ್ಬರ ಮುಂದೆಯೂ ಮುದುಕ ಒಂದು ಕ್ಷಣ ನಿಂತು, ತಲೆ ಬಾಗಿಸಿ, ಅವರ ಸಂತಾಪವನ್ನು ತಾನೇ ಸ್ವೀಕರಿಸಿ ಮುಂದೆ ಹೋಗುತ್ತಿದ್ದ.