ತಿದ್ದಿದ ಸಾಲು

ದಿನಕ್ಕೊಂದು ಸಾಲು ಬರೆಯಬೇಕು, ದಿನವೂ ಅದೇ ಸಾಲು ಎಂದು ನರ್ಸ್, ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಗಂಡನಿಗೆ, ಪಕ್ಕದಲ್ಲಿದ್ದ ಹೆಂಡತಿಗೂ ಕೇಳುವಂತೆ ಹೇಳಿದ್ದಳು. ಅವನದೇ ರಕ್ತದಿಂದ ತೆಗೆದು, ಕ್ಯಾನ್ಸರನ್ನು ಗುರುತಿಸಲು ಲ್ಯಾಬಿನಲ್ಲಿ ಕಲಿಸಿ, ಮತ್ತೆ ಮೈಗೆ ಬಿಟ್ಟ ಬಿಳಿ ಕಣಗಳು ಕೆಲವೊಮ್ಮೆ ಮಿದುಳನ್ನೂ ಕೆಣಕುತ್ತವಂತೆ. ಹಾಗಾದರೆ ಕೈಬರಹ ಬೇಗ ಕೆಡುತ್ತದಂತೆ.

ಬೋರ್ಡು ಬರೆಯುವುದೇ ಕಸುಬಾಗಿದ್ದ ಗಂಡನಿಗೆ ನಗು ಬಂತು. ‘ನನ್ನ ಹೆಂಡತಿ ಹೇಳಿದ್ದೇ ಸರಿ’ ಎಂದು ದುಂಡಗೆ ಬರೆದು ಅವಳತ್ತ ತಿರುಗಿಸಿದ. ಮೂವತ್ತು ವರ್ಷ ಬಾಯಿಗೆ ಬಾರದ ಮಾತು ಎಂದು ಅವಳು ಮೂಗು ಮುರಿದಳು. ಹಾಳೆಯನ್ನು ಮಾತ್ರ ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಿದಳು.

ನಾಲ್ಕನೆಯ ದಿನ ಜ್ವರ ಏರಿತು. ಐದನೆಯ ಬೆಳಿಗ್ಗೆ, ನರ್ಸ್ ಬರುವ ಮೊದಲೇ, ಅವನು ಸಾಲು ಬರೆದಿಟ್ಟು ಕಣ್ಣು ಮುಚ್ಚಿ ಮಲಗಿದ. ಅಕ್ಷರಗಳು ಸಾಲಿನಿಂದ ಜಾರಿದ್ದವು. ಅವನು ಗೆರೆ ಎಳೆಯುವುದು, ಅವಳು ಬಣ್ಣ ತುಂಬುವುದು, ಗೆರೆ ತಪ್ಪಿದಲ್ಲಿ ಮಾತಿಲ್ಲದೆ ತಿದ್ದುವುದು: ಇಷ್ಟು ವರ್ಷ ಅವರ ಕೆಲಸ ನಡೆದದ್ದೇ ಹಾಗೆ. ಅವಳ ಕೈ ತಾನಾಗಿ ಪೆನ್ಸಿಲ್ ಎತ್ತಿ, ಒಡೆದ ಸುತ್ತನ್ನು ಕೂಡಿಸಿ, ತಲೆಕಟ್ಟನ್ನು ನೆಟ್ಟಗೆ ಮಾಡಿತು.

ನರ್ಸ್ ಬಂದಳು, ಜ್ವರ ಬರೆದುಕೊಂಡಳು, ಹಾಳೆ ನೋಡಿ ತಲೆಯಾಡಿಸಿ ಹೋದಳು.

ಆಗ ಅವನು ಕಣ್ಣು ಬಿಟ್ಟು, ಚಮಚ ತೋರಿಸಿ, ಬ್ರಷ್ ಕೊಡು ಎಂದ. ಮಿದುಳು ಕೆರಳಿದಾಗ ಅದನ್ನು ತಣಿಸುವ ಔಷಧಿ ಕೊಟ್ಟರೆ ಆ ಕಣಗಳ ಬಲವೂ ಕುಗ್ಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇಷ್ಟು ಕಷ್ಟಪಟ್ಟು ಒಳಗೆ ಬಿಟ್ಟದ್ದು ವ್ಯರ್ಥವಾದರೆ? ಆ ಯೋಚನೆಯಲ್ಲಿ ಒಂದು ಕ್ಷಣ ನಿಂತಳು. ಆಮೇಲೆ ನರ್ಸಿನ ಹಿಂದೆ ಓಡಿದಳು.

“ಆ ಸಾಲು ಅವರದಲ್ಲಮ್ಮ. ನಾನು ತಿದ್ದಿದ್ದು.”

ನರ್ಸ್ ಬೈಯಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದಳು.

ಔಷಧಿ ಕೊಟ್ಟರು. ಮೂರು ದಿನ ಅವನು ಅವಳನ್ನು ಯಾರೋ ಎಂಬಂತೆ ನೋಡಿದ. ಅವಳು ಖಾಲಿ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಒಂಬತ್ತನೆಯ ದಿನ ಸಾಲು ಮತ್ತೆ ನೆಟ್ಟಗೆ ನಿಂತಿತು.

ತಿಂಗಳಾದ ಮೇಲಿನ ಸ್ಕ್ಯಾನಿನಲ್ಲಿ ಗಡ್ಡೆಗಳೆಲ್ಲ ಕರಗಿದ್ದವು, ಕತ್ತಿನ ಬಳಿಯದೊಂದನ್ನು ಬಿಟ್ಟು. ಅದು ಬೂದಿಯೋ ಕೆಂಡವೋ ಈಗಲೇ ಹೇಳಲಾಗದು, ಕಾಯಬೇಕು ಎಂದರು ಡಾಕ್ಟರು. ಶ್ವಾಸಕೋಶದಲ್ಲಿ ಗಡ್ಡೆಯಿರುವ ತನ್ನ ಅಕ್ಕನಿಗೂ ಈ ಚಿಕಿತ್ಸೆ ಮಾಡಬಹುದೇ ಎಂದು ಅವಳು ಕೇಳಿದಳು. ಅಂಥ ಗಡ್ಡೆಗೆ ಈ ಚಿಕಿತ್ಸೆ ಇನ್ನೂ ಸರಿಯಾಗಿ ನಾಟುತ್ತಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

ಬೋರ್ಡಿನ ಅಂಗಡಿ ಮತ್ತೆ ತೆರೆದ ದಿನ ಅವನು ಹೊಸ ಹಲಗೆಯ ಮೇಲೆ ಗೆರೆ ಎಳೆದ. ಒಂದು ಕಡೆ ಜಾರಿತು. ಅವಳ ಬ್ರಷ್ ಅಲ್ಲೇ ನಿಂತಿತು.

“ಏನೇ, ತಿದ್ದಲ್ವಾ?”

“ಇಲ್ಲ. ನಿಮ್ಮ ಕೈ ಹೇಗಿದೆ ಅಂತ ನನಗೆ ಗೊತ್ತಾಗ್ಬೇಕು.”

ಅವನು ಬಟ್ಟೆಯಿಂದ ಒರೆಸಿ ಮತ್ತೆ ಎಳೆಯತೊಡಗಿದ. ಅವಳು ಬಣ್ಣ ಕಲಸುತ್ತಾ ಕಾದಳು.