ನೆಂಟರಿಗೆ ಬಾಡಿಗೆಗಿಲ್ಲ

ನಾಗಮಂಗಲದ ಹೊಸ ಬಡಾವಣೆಯಲ್ಲಿ ಬಾಡಿಗೆಗೆ ಒಂದು ಆಫೀಸು ಹುಡುಕುವುದಕ್ಕಿಂತ ಮದುವೆಗೆ ಗಂಡು ಹುಡುಕುವುದೇ ಸಲೀಸು ಎಂದು ಶ್ವೇತಳಿಗೆ ಅನ್ನಿಸಿಬಿಟ್ಟಿತ್ತು. ಗಂಡಿನ ಕಡೆಯವರು ಒಲ್ಲೆವೆಂದರೂ ಕೊಟ್ಟ ಉಪ್ಪಿಟ್ಟು ತಿಂದು, ತಪ್ಪನ್ನು ಜಾತಕದ ಮೇಲೆ ಹೊರಿಸಿ ಹೋಗುತ್ತಾರೆ. ಬಡಾವಣೆಯವರು ಗೇಟನ್ನೇ ಪೂರ್ತಿ ತೆಗೆಯುತ್ತಿರಲಿಲ್ಲ. ಸಂದಿಯಲ್ಲೇ ನಿಂತು, ಏನು ಆಫೀಸು, ಯಾರ್ಯಾರು ಬರುತ್ತಾರೆ, ಜೊತೆಗೆ ಗಂಡಸರು ಯಾರೂ ಇಲ್ಲವಾ ಎಂದು ಪೊಲೀಸರ ಹಾಗೆ ವಿಚಾರಿಸಿ, ಆಮೇಲೆ ಖಾಲಿ ಇಲ್ಲ ಅನ್ನುತ್ತಿದ್ದರು. ಖಾಲಿ ಇಲ್ಲದ ಮೇಲೆ ಅಷ್ಟೆಲ್ಲ ಯಾಕೆ ಕೇಳಬೇಕಿತ್ತೋ ದೇವರೇ ಬಲ್ಲ.

ಆದರೂ ಅವಳಿಗೆ ಆ ಬಡಾವಣೆಯೇ ಬೇಕಿತ್ತು. ಮುಂಭಾಗಕ್ಕೆಲ್ಲ ಗ್ರಾನೈಟ್ ಹೊದಿಸಿದ ಮನೆಗಳು, ಗೇಟಿನ ಕಂಬದ ಮೇಲೆ ದುಂಡನೆಯ ದೀಪ, ಒಳಗೊಂದು ಕಾರು, ಆ ಕಾರಿಗೆ ಬೇಜಾರಾಗದಿರಲೆಂದು ಪಕ್ಕದಲ್ಲಿ ಇನ್ನೊಂದು. ಕಂಟ್ರಾಕ್ಟರುಗಳು, ಡಾಕ್ಟರುಗಳು, ರಸ್ತೆ ಪಕ್ಕದ ಜಮೀನನ್ನು ಒಳ್ಳೆಯ ಕಾಲದಲ್ಲಿ ಮಾರಿಕೊಂಡ ಪುಣ್ಯವಂತರು, ಎಲ್ಲರೂ ಅಲ್ಲೇ ಮನೆ ಕಟ್ಟಿಸುತ್ತಿದ್ದರು. ಮನೆ ಕಟ್ಟಿಸುವವರು ಅಲ್ಲಿದ್ದ ಮೇಲೆ ಮನೆಯ ಪ್ಲಾನು ಹಾಕುವವಳು ಅಲ್ಲಿರದೆ ಇನ್ನೆಲ್ಲಿರಬೇಕು?

ಶ್ವೇತ ಸಿವಿಲ್ ಎಂಜಿನಿಯರು. ಅವಳ ಈಗಿನ ಆಫೀಸು ದೇವಲಾಪುರದ ಅವಳ ಮನೆಯ ಮುಂದಿನ ಕೋಣೆ. ಒಂದು ಮೂಲೆಯಲ್ಲಿ ಕಂಪ್ಯೂಟರು, ಉಳಿದ ಮೂರು ಮೂಲೆಯಲ್ಲಿ ತೆಂಗಿನಕಾಯಿ. ಗೊತ್ತಿಲ್ಲದವರು ಬಂದರೆ ಅವಳ ಮುಖ ನೋಡಿಯೇ "ಎಂಜಿನಿಯರ್ ಸಾಹೇಬ್ರು ಇಲ್ವಾ?" ಅನ್ನುತ್ತಿದ್ದರು. ಗೊತ್ತಿರುವವರ ಕಥೆ ಇನ್ನೂ ಕಷ್ಟ. ಅವರೆಲ್ಲ ನೆಂಟರು. "ನಮ್ಮುಡುಗಿ ಅಲ್ವಾ, ಎರಡು ಗೀಟು ಎಳ್ಕೊಟ್ಬುಡು ಮಗಾ" ಎಂದು ಬಂದು ಕೂತರೆ, ಅವ್ವ ಒಳಗಿನಿಂದ ಕಾಫಿ ತಂದುಕೊಡುತ್ತಿದ್ದಳು. ಕಾಫಿ ಕೊಟ್ಟ ಕೈಯಲ್ಲಿ ಫೀಸು ಕೇಳುವುದು ಹೇಗೆ? ನಾಲ್ಕು ರಾತ್ರಿ ಕೂತು ಹಾಕಿದ ಪ್ಲಾನಿಗೆ ಒಬ್ಬ ಚಿಕ್ಕಪ್ಪ ನಾಟಿ ಕೋಳಿ ತಂದುಕೊಟ್ಟ, ಇನ್ನೊಬ್ಬ ಮಾವ ಕುಂಬಳಕಾಯಿ. ದಾರಿಯಲ್ಲಿ ಆ ಮನೆಗಳನ್ನು ಕಂಡಾಗ ಅವಳಿಗೆ ಹೆಮ್ಮೆಯೂ ಆಗುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಮನೆಯಿಂದ ಹೊರಗೆ, ನಡುವೆ ಒಂದು ಮೇಜು ಇರುವ, ಹೊರಗೆ ತನ್ನ ಹೆಸರಿನ ಬೋರ್ಡಿರುವ ಜಾಗ ಸಿಕ್ಕದಿದ್ದರೆ ತನ್ನ ಓದೆಲ್ಲ ಕುಂಬಳಕಾಯಿಗೇ ಆಯಿತು ಎಂದು ಅವಳಿಗೆ ಖಾತ್ರಿಯಾಗಿತ್ತು.

ಕೊನೆಗೆ ಚಲುವಮ್ಮನವರ ಕಟ್ಟಡದಲ್ಲಿ 'ಬಾಡಿಗೆಗೆ ಇದೆ' ಎಂಬ ಬೋರ್ಡು ಕಂಡಿತು. ಕೆಳಗೆ ಹಲ್ಲಿನ ಡಾಕ್ಟರು, ಹಿಂದುಗಡೆ ಚಲುವಮ್ಮನ ಮನೆ, ಮೇಲೆ ರಸ್ತೆಗೆ ಮುಖ ಮಾಡಿದ ದೊಡ್ಡ ಕೋಣೆ. ಕಿಟಕಿಯಿಂದ ಬೆಳಕು ಧಾರಾಳವಾಗಿ ಬರುತ್ತಿತ್ತು. ಶ್ವೇತ ಒಳಗೆ ಕಾಲಿಟ್ಟವಳೇ ಮೇಜು ಎಲ್ಲಿ, ಬಂದವರಿಗೆ ಕುರ್ಚಿ ಎಲ್ಲಿ ಎಂದು ಮನಸ್ಸಿನಲ್ಲೇ ಹಾಕಿಕೊಂಡುಬಿಟ್ಟಳು. ಚಲುವಮ್ಮ ಗಂಡ ಹೋದಮೇಲೆ ಎಲ್ಲವನ್ನೂ ಒಬ್ಬಳೇ ನೋಡಿಕೊಳ್ಳುತ್ತಿದ್ದ ಗಟ್ಟಿ ಹೆಂಗಸು. ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, "ಎಣ್ಣುಡುಗಿ, ಗಲಾಟೆ ಗಿಲಾಟೆ ಇರಾಕಿಲ್ಲ. ಒಳ್ಳೇದೇ ಆಯ್ತು. ನಿಮ್ಮನೇಲಿ ದೊಡ್ಡೋರು ಯಾರಾದ್ರೂ ಬಂದು ಒಂದ್ಮಾತು ಆಡ್ಬುಡ್ಲಿ, ಬೀಗದ ಕೈ ಕೊಟ್ಬುಡ್ತೀನಿ" ಅಂದಳು.

ಶ್ವೇತ ಅವ್ವನನ್ನು ಕರೆದುಕೊಂಡು ಹೋದಳು. ಅವಳು ಮಾಡಿದ ತಪ್ಪು ಅದೊಂದೇ.

ಅವ್ವ ಚಿಕ್ಕಬೋರಮ್ಮನಿಗೆ ಒಂದು ವಿದ್ಯೆ ಕರಗತವಾಗಿತ್ತು. ಯಾವ ಊರಿನ ಯಾರನ್ನೇ ಎದುರಿಗೆ ಕೂರಿಸಿದರೂ ಕಾಫಿ ಲೋಟ ಖಾಲಿಯಾಗುವಷ್ಟರಲ್ಲಿ ನೆಂಟಸ್ತನ ತೆಗೆದುಬಿಡುವಳು. ಬಸ್ಸಿನ ಕಂಡಕ್ಟರೊಬ್ಬ ಅವಳಿಗೆ ಹೀಗೇ ಅಳಿಯನಾಗಿ, ಅವತ್ತಿನಿಂದ ಅವಳು ಬರುವುದು ತಡವಾದರೂ ಬಸ್ಸು ನಿಲ್ಲಿಸುತ್ತಿದ್ದ. ನೆಂಟಸ್ತನ ಇದ್ದರೆ ಯಾವ ಬಾಗಿಲೂ ತೆರೆಯುತ್ತದೆ ಎಂಬುದು ಅವಳ ಗಟ್ಟಿ ನಂಬಿಕೆ.

"ನಿಮ್ಮ ತವರು ಯಾವೂರಾಯ್ತವ್ವ?" ಎಂದು ಚಿಕ್ಕಬೋರಮ್ಮ ಶುರು ಮಾಡಿದಳು.

"ಬೆಳಗೊಳ ಕಣವ್ವ. ಕಟ್ಟೆ ಹತ್ರ."

"ಬೆಳಗೊಳದಲ್ಲಿ ಯಾರ ಮನೆ?"

"ಚಲುವಯ್ಯನೋರ ಮನೆ."

"ಅಯ್ಯೋ ಶಿವ್ನೆ! ನಮ್ಮಕ್ಕ ಮಂಚಮ್ಮನ್ನ ಕೊಟ್ಟಿರಾದು ಆ ಮನೆಗೇ ಅಲ್ವಾ!"

"ಮಂಚತ್ತಿಗೆ ನಿಮ್ಮಕ್ಕನಾ? ನಮ್ಮ ದೊಡ್ಡಪ್ಪನ ಮಗನ ಎಂಡ್ತಿ ಕಣವ್ವ ಆಕೆ!"

ಆಮೇಲೆ ಇಬ್ಬರನ್ನೂ ಹಿಡಿಯುವವರೇ ಇರಲಿಲ್ಲ. "ಲೇ ಶ್ವೇತ, ಸೋದರತ್ತೆ ಆಗ್ಬೇಕು ಕಣೇ, ಕಾಲಿಗೆ ಬೀಳು" ಎಂದಳು ಅವ್ವ. ಶ್ವೇತ ಸಂತೋಷದಿಂದಲೇ ಬಿದ್ದಳು. ಬರೀ ಕಾಫಿ ಕೊಟ್ಟು ನೆಂಟರನ್ನು ಕಳಿಸುವುದುಂಟೇ? ಒಲೆ ಹೊತ್ತಿತು. ಮುದ್ದೆ, ಉಪ್ಸಾರು, ಮೇಲೆ ಖಾರ. ಅವ್ವ ಉಣ್ಣುತ್ತಾ ಉಣ್ಣುತ್ತಾ ಮಗಳ ಕಡೆ ನೋಡಿ ಹುಬ್ಬು ಹಾರಿಸಿದಳು. ಕೆಲಸ ಆಯಿತು ನೋಡು ಎಂದು ಅದರ ಅರ್ಥ.

ಕೈ ತೊಳೆದು ಬಂದಮೇಲೆ ಚಲುವಮ್ಮ ತಟ್ಟೆಯಲ್ಲಿ ಎಲೆ ಅಡಿಕೆ ತಂದಿಟ್ಟಳು. ಆಮೇಲೆ, "ಇನ್ ಆ ಮಾಳಿಗೆ ವಿಚಾರ ಮರ್ತುಬುಡು ಮಗಾ. ನಿನಗೆ ಕೊಡಾಕಾಗಕಿಲ್ಲ" ಅಂದಳು.

ಶ್ವೇತ ತಮಾಷೆಯೆಂದೇ ತಿಳಿದಳು. ಚಲುವಮ್ಮನ ಮುಖದಲ್ಲಿ ತಮಾಷೆ ಇರಲಿಲ್ಲ.

"ನೆಂಟ್ರಿಗೆ ನಾನು ಬಾಡಿಗೆಗೆ ಕೊಡಾಕಿಲ್ಲ. ಕೆಳಗೆ ಹಲ್ಲು ಡಾಕ್ಟ್ರು ಅವ್ರಲ್ಲ, ಆ ಮಳಿಗೇಲಿ ಮೊದ್ಲು ನನ್ನ ತಮ್ಮ ಪುಟ್ಟರಾಜು ಪೈಪು, ನಲ್ಲಿ ಮಾರ್ತಿದ್ದ. ಬಾಡಿಗೆ ಕೊಡ್ನಿಲ್ಲ. ಒಡಹುಟ್ಟಿದೋನು, ದಿನಾ ಮಧ್ಯಾನ ನನ್ನ ಕೈಲೇ ಉಣ್ತಿದ್ದ. ಅವನ ತಟ್ಟೆ ಮುಂದೆ ಕುಂತು ನಾನೆಂಗೆ ಕೇಳಾನ? ವರ್ಸಾನುಗಟ್ಲೆ ಸುಮ್ಕಿದ್ದೆ. ಒಂದಿನ ನಮ್ಮ ಯಜಮಾನ್ರು ಬೀದೀಲಿ ನಾಲ್ಕು ಜನದ ಮುಂದೆ ಕೇಳ್ಬುಟ್ರು. ಬಾಗ್ಲು ಎಳ್ಕಂಡು ಓದೋನು ಇವತ್ಗೂ ಬಂದಿಲ್ಲ. ನನ್ನ ಮಗಳ ಧಾರೇಲಿ ಸೋದರಮಾವ ನಿಂತ್ಕಬೇಕಾದ ಜಾಗದಲ್ಲಿ ಬೇರೆ ಯಾರೋ ನಿಂತ್ಕಂಡ್ರು." ತಟ್ಟೆಯನ್ನು ಅವರ ಕಡೆ ಸರಿಸುತ್ತಾ, "ಈಗ ತಾನೆ ಸಿಕ್ಕಿದೀರಿ. ನಿಮ್ಮನ್ನೂ ಕಳ್ಕಳಾಕೆ ಇಷ್ಟ ಇಲ್ಲ" ಅಂದಳು.

ದೇವಲಾಪುರದ ಬಸ್ಸಿನಲ್ಲಿ ಶ್ವೇತ ಅವ್ವನೊಂದಿಗೆ ಮಾತಾಡಲಿಲ್ಲ. ಮನೆ ತಲುಪಿದಮೇಲೆ ಎಲ್ಲವನ್ನೂ ಸೇರಿಸಿ ಆಡಿದಳು.

"ಯಾರೋ ಆಗಿದ್ದಿದ್ರೆ ಇವತ್ತು ಬೀಗದ ಕೈ ನನ್ನ ಕೈಲಿರ್ತಿತ್ತು. ನಿಂಗೆ ಸುಮ್ನೆ ಕಾಪಿ ಕುಡ್ಯಾಕೆ ಆಗಲ್ವಾ?"

"ನಿಂಗೋಸ್ಕರಾನೇ ಅಲ್ವೇನೇ ನಾನು ಅಷ್ಟು ಕೆದಕಿದ್ದು" ಎಂದ ಚಿಕ್ಕಬೋರಮ್ಮನ ದನಿ ಕುಗ್ಗಿಹೋಗಿತ್ತು. ಹುಟ್ಟಿದಾಗಿನಿಂದ ಕೈ ಹಿಡಿದಿದ್ದ ವಿದ್ಯೆ ಮೊದಲ ಸಲ ಕೈಕೊಟ್ಟಿತ್ತು. ಅದೂ ಮಗಳ ವಿಷಯದಲ್ಲೇ ಕೈಕೊಟ್ಟಿತೆಂದು ಅವಳಿಗೆ ನಿಜಕ್ಕೂ ಸಂಕಟವಾಯಿತು.

ಮಾರನೆಯ ದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ಹೋಗಿ, ತೆಗೆದ ನೆಂಟಸ್ತನವನ್ನು ಮತ್ತೆ ಮುಚ್ಚಿಹಾಕಲು ನೋಡಿದಳು. "ನಾನು ತಪ್ಪು ತಿಳ್ಕಂಡಿದ್ದೆ ಕಣವ್ವ. ನಮ್ಮಕ್ಕನ್ನ ಕೊಟ್ಟಿರಾದು ಬೇರೆ ಚಲುವಯ್ಯನೋರ ಮನೆಗೆ. ನಾವು ನಿಮಗೆ ಏನೂ ಆಗಕಿಲ್ಲ" ಎಂದಳಂತೆ. ಚಲುವಮ್ಮ ನಗು ತಡೆಯಲಾರದೆ, "ರಾತ್ರೀನೇ ಬೆಳಗೊಳಕ್ಕೆ ಫೋನ್ ಮಾಡ್ದೆ ಅತ್ತಿಗೆ. ಮಂಚತ್ತಿಗೇನೇ ಮಾತಾಡುದ್ರು. ನಮ್ಮ ಚಿಕ್ಕಬೋರಿ ಚೆನ್ನಾಗವ್ಳಾ ಅಂತ ಕೇಳುದ್ರು" ಎಂದಳಂತೆ. ಅವ್ವ ಮತ್ತೊಮ್ಮೆ ಮುದ್ದೆ ಉಂಡು, ಸೋತ ಮುಖ ಹೊತ್ತು ವಾಪಸ್ಸು ಬಂದಳು. ಬಂದವಳು ನಡೆದದ್ದನ್ನು ಹೇಳಿದಾಗ ಶ್ವೇತಳಿಗೆ ನಗು ಬಂತು, ನಗುತ್ತಲೇ ಅವ್ವನ ಮೇಲಿದ್ದ ಸಿಟ್ಟೂ ಇಳಿಯಿತು.

ಸಿಟ್ಟು ಇಳಿದಮೇಲೆ ಬುದ್ಧಿ ಕೆಲಸ ಮಾಡಿತು. ಚಲುವಮ್ಮನಿಗೆ ನೆಂಟರ ಹತ್ತಿರ ದುಡ್ಡು ಕೇಳಲು ಬಾಯಿ ಬರುವುದಿಲ್ಲ. ತನಗೆ ಮಾತ್ರ ಎಲ್ಲಿ ಬರುತ್ತದೆ? ಅವಳು ಒಬ್ಬಳೇ ನಾಗಮಂಗಲಕ್ಕೆ ಹೋಗಿ ಎದುರಿಗೆ ಕೂತು ಎಲ್ಲವನ್ನೂ ಹೇಳಿಬಿಟ್ಟಳು. ಕೋಳಿಯನ್ನೂ ಕುಂಬಳಕಾಯಿಯನ್ನೂ ಬಿಡಲಿಲ್ಲ.

"ನಿಮಗಿರೋ ಕಾಯ್ಲೇನೇ ನನಗೂ ಅದೆ ಅತ್ತೆ. ಅದಕ್ಕೇ ನನಗೆ ಆಫೀಸು ಬೇಕಾಗಿರಾದು."

ಚಲುವಮ್ಮ ಬಿದ್ದುಬಿದ್ದು ನಕ್ಕಳು. ನಕ್ಕು ಮುಗಿದಮೇಲೆ ಗಂಭೀರವಾದಳು. "ಇಬ್ರಿಗೂ ಒಂದೇ ಕಾಯ್ಲೆ ಅಂದ್ಮೇಲೆ ಇನ್ನೂ ಕಷ್ಟ ಅಲ್ವೇನೇ? ನೀನು ಒಂದು ತಿಂಗ್ಳು ತಡ ಮಾಡ್ತೀಯ, ನಾನು ಕೇಳಾಕಿಲ್ಲ. ನಾನು ಕೇಳ್ನಿಲ್ಲ ಅಂತ ನಿಂಗೆ ಮುಖ ತೋರ್ಸಾಕೆ ನಾಚ್ಕೆ." ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಯೋಚಿಸಿದಳು. "ಒಂದು ಕೆಲ್ಸ ಮಾಡು. ಒಳಗಡೆ ಅಡುಗೆಮನೆ ಕನ್ನಡಿ ತರ ಹೊಳೀತದೆ, ಅಲ್ಲಿ ಕೋಲು ಹಿಡ್ದು ಮುದ್ದೆ ತೊಳ್ಸಾಕೆ ನನಗೆ ಮನ್ಸೇ ಬರಾಕಿಲ್ಲ. ಹಿತ್ಲಲ್ಲಿ ಒಂದು ಸೌದೆ ಒಲೆ ಮನೆ ಕಟ್ಟುಸ್ಬೇಕು. ಪ್ಲಾನು ಹಾಕ್ಕಂಡು ಬಾ. ಬಂದು, ನನ್ನ ಮನೇಲಿ ಉಂಡು, ನನ್ನ ಮುಖ ನೋಡ್ಕಂಡು ನಿನ್ನ ಫೀಸು ಕೇಳು. ನೀನು ಕೇಳುದ್ರೆ ನಾನೂ ಬಾಡಿಗೆ ಕೇಳ್ತೀನಿ. ನಿನಗೆ ಆಗ್ನಿಲ್ಲ ಅಂದ್ರೆ ನನಗೂ ಆಗಾಕಿಲ್ಲ. ಆಮೇಕೆ ನೆಂಟ್ರಾಗಿ ಇದ್ಬುಡವ."

ಪ್ಲಾನು ಹಾಕುವುದು ಶ್ವೇತಳಿಗೆ ನೀರು ಕುಡಿದಷ್ಟು ಸುಲಭ. ಹೊಗೆ ಎಲ್ಲಿಂದ ಹೋಗಬೇಕು, ಕೂತು ಮುದ್ದೆ ತೊಳಸಲು ಎಷ್ಟು ಜಾಗ ಬೇಕು, ಸೌದೆ ಎಲ್ಲಿ, ಬೂದಿ ಎಲ್ಲಿ, ಎಲ್ಲವನ್ನೂ ಮನಸ್ಸಿಟ್ಟು ಹಾಕಿದಳು. ಕಷ್ಟವಿದ್ದದ್ದು ಮುಂದಿನ ಮಾತಿನಲ್ಲಿ. ತಮ್ಮ ಮನೆಯ ಹಿತ್ತಿಲ ತೆಂಗಿನಮರದ ಮುಂದೆ ನಿಂತು, "ಅತ್ತೆ, ನನ್ನ ಫೀಸು" ಎಂದು ಹೇಳಿ ನೋಡಿದಳು. ಮರಕ್ಕೂ ಮೊತ್ತ ಹೇಳಲಾಗದೆ ಒಳಗೆ ಬಂದಳು.

ಭಾನುವಾರ ಹೋದಾಗ ಚಲುವಮ್ಮ ಕನಿಕರ ತೋರಿಸಲಿಲ್ಲ. ಬಾಡೂಟವನ್ನೇ ಮಾಡಿದ್ದಳು. ಬಿಸಿ ಮುದ್ದೆ, ಕೋಳಿ ಸಾರು. ಒಳ್ಳೆಯ ತುಂಡುಗಳನ್ನೆಲ್ಲ ಆರಿಸಿ ಶ್ವೇತಳ ತಟ್ಟೆಗೇ ಹಾಕಿದಳು. ಪ್ಲಾನನ್ನು ತಿರುಗಿಸಿ ಮುರುಗಿಸಿ ನೋಡಿ, "ನನ್ನ ಮನಸಲ್ಲಿದ್ದುದ್ದು ನಿಂಗೆಂಗೆ ಗೊತ್ತಾಯ್ತೇ?" ಎಂದು ಗಲ್ಲ ಸವರಿದಳು. ಇಷ್ಟು ಪ್ರೀತಿ ಮಾಡುವವರ ಹತ್ತಿರ ಹೇಗಪ್ಪಾ ಕೇಳುವುದು? ಇರಲಿ ಬಿಡಿ ಅತ್ತೆ, ನೀವು ಬೇರೆಯವರಾ ಎಂಬ ಮಾತು ನಾಲಿಗೆಯ ತುದಿಗೇ ಬಂದು ನಿಂತಿತ್ತು. ಎಷ್ಟೋ ನೆಂಟರಿಗೆ ಹಾಗೆಯೇ ಅಂದಿದ್ದಳು. ಅಂದುಬಿಟ್ಟರೆ ಈಗಲೂ ಇಬ್ಬರೂ ನಗುನಗುತ್ತಾ ಎದ್ದು ಹೋಗಬಹುದು. ತಾನು ಮಾತ್ರ ಮತ್ತೆ ತೆಂಗಿನಕಾಯಿಗಳ ನಡುವೆ ಹೋಗಿ ಕೂರಬೇಕು.

ಶ್ವೇತ ತುತ್ತು ನುಂಗಿ, ತಲೆ ಎತ್ತಿ, "ಅತ್ತೆ, ಈ ಪ್ಲಾನಿಗೆ ನನ್ನ ಫೀಸು ಕೊಡ್ಬೇಕು" ಎಂದು ಮೊತ್ತವನ್ನೂ ಹೇಳಿದಳು. ಈ ಸಲ ಮಾತು ಪೂರ್ತಿ ಬಂತು.

ಚಲುವಮ್ಮ ತಟಕ್ಕನೆ ಎದ್ದು ಒಳಗೆ ಹೋದಳು. ಮುನಿಸಿಕೊಂಡಳೇನೋ ಎಂದು ಶ್ವೇತ ಬಾಗಿಲ ಕಡೆಯೇ ನೋಡಿದಳು. ಚಲುವಮ್ಮ ದುಡ್ಡು ತಂದು ತಟ್ಟೆಯ ಪಕ್ಕ ಇಟ್ಟು, ಮತ್ತೆ ಎದುರಿಗೆ ಕೂತಳು.

"ಈಗ ನಿಮ್ಮ ಸರದಿ ಅತ್ತೆ."

ಚಲುವಮ್ಮ ಗೋಡೆ ನೋಡಿದಳು. ಸೆರಗು ಸರಿಮಾಡಿಕೊಂಡಳು. "ಇನ್ನೊಂಚೂರು ಸಾರು ಬುಡ್ಲಾ?" ಅಂದಳು.

"ಸಾಕು. ಬಾಡಿಗೆ ಎಷ್ಟು ಅಂತ ಕೇಳಿ."

ಬಡಾವಣೆಯವರಿಗೆಲ್ಲ ಎದುರು ನಿಂತು ಮಾತಾಡುವ ಹೆಂಗಸು ಸಾರಿನ ಸೌಟನ್ನು ಕೆಳಗಿಟ್ಟಳು. ಕಣ್ಣು ಮುಚ್ಚಿಕೊಂಡು, ಒಂದೇ ಉಸಿರಿಗೆ, ಬಾಡಿಗೆ ಇಷ್ಟು, ಪ್ರತಿ ಒಂದನೇ ತಾರೀಖು ಕೊಡಬೇಕು ಎಂದು ಹೇಳಿಬಿಟ್ಟಳು.

"ಜಾಸ್ತಿ ಆಯ್ತು" ಅಂದಳು ಶ್ವೇತ.

ಚಲುವಮ್ಮ ಕಣ್ಣು ಬಿಟ್ಟಳು. "ಏನಂದೆ?"

"ಜಾಸ್ತಿ ಆಯ್ತತ್ತೆ. ಮಾಳಿಗೆಗೆ ಯಾರು ಅಷ್ಟು ಕೊಡ್ತಾರೆ? ಇಳ್ಸಿ."

"ಉಂಡ ಕೈ ಇನ್ನೂ ಒಣಗಿಲ್ಲ, ಚೌಕಾಸಿ ಮಾಡ್ತೀಯಲ್ಲೇ!" ಎಂದು ಚಲುವಮ್ಮ ಜೋರು ಮಾಡಿದಳು. ಶ್ವೇತಳೂ ಬಿಡಲಿಲ್ಲ. ಇಬ್ಬರೂ ಸಂತೆಯಲ್ಲಿ ನಿಂತವರಂತೆ ಎಳೆದಾಡಿ, ಕೊನೆಗೆ ಒಂದು ಮಾತಿಗೆ ಬಂದರು. ನಗುತ್ತಿದ್ದ ಚಲುವಮ್ಮ ಇದ್ದಕ್ಕಿದ್ದಂತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಪುಟ್ಟರಾಜೂನ ನಾನು ಒಂದಿನಾನೂ ಇಂಗೆ ಕೇಳ್ನಿಲ್ಲ ಕಣ್ಮಗಾ. ಕೇಳುದ್ರೆ ನೆಂಟಸ್ತನ ಓಯ್ತದೆ ಅನ್ಕಂಡಿದ್ದೆ. ಕೇಳಿದ್ದಿದ್ರೆ ಅವನೂ ನಿನ್ನಂಗೆ ಜಗಳಾಡಿ, ಮಾರ್ನೆ ದಿನ ಊಟಕ್ಕೆ ಬತ್ತಿದ್ದ."

ಶ್ವೇತ ಅತ್ತೆಯ ಕೈ ಹಿಡಿದುಕೊಂಡಳು. ಆಮೇಲೆ ಚಲುವಮ್ಮ ಮೊಳೆಗೆ ನೇತುಹಾಕಿದ್ದ ಬೀಗದ ಕೈ ತೆಗೆದುಕೊಟ್ಟಳು.

ಶ್ವೇತ ಮೆಟ್ಟಿಲು ಹತ್ತಿ ಕೋಣೆಯ ಬಾಗಿಲು ತೆರೆದು, ರಸ್ತೆಯ ಕಡೆಯ ಕಿಟಕಿಯನ್ನೂ ತೆರೆದಳು. ಬೆಳಕು ನುಗ್ಗಿತು. ಮೇಜು ಎಲ್ಲಿಡಬೇಕೆಂದು ಅಳೆಯುತ್ತಿರುವಾಗ ಕೆಳಗಿನಿಂದ ಕೂಗು ಕೇಳಿಸಿತು. ಇಣುಕಿ ನೋಡಿದರೆ, ಚಲುವಮ್ಮ ನಡುಬೀದಿಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕಾಯುತ್ತಿದ್ದವರು, ಎದುರು ಮನೆಯ ಗೇಟಿನವರು, ಎಲ್ಲರೂ ತಿರುಗಿ ನೋಡುತ್ತಿದ್ದರು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

"ಲೇ ಶ್ವೇತ! ಒಂದ್ನೇ ತಾರೀಖು ಬಾಡಿಗೆ! ನೆಪ್ಪಿರ್ಲಿ ಕಣೇ!"