ಮುದ್ರೆ ಇಲ್ಲದ ಓಟು

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಮುಗಿದು ಎರಡು ವಾರ ಕಳೆದರೂ ಗೆದ್ದವರು ಯಾರೆಂದು ತೀರ್ಮಾನವಾಗಿರಲಿಲ್ಲ. ಅಲ್ಲಿ ಫ್ಲಾರಿಡಾದಲ್ಲಿ ತೂತು ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ಮತಚೀಟಿಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಇಲ್ಲಿ ಜಪಾನಿನ ತ್ಸುಕುಬಾದಲ್ಲಿ, ನಮ್ಮ ಮನೆಯ ಟಿವಿ ಮುಂದೆ, ಇಬ್ಬರು ಕನ್ನಡಿಗರು ಹಾವು ಮುಂಗುಸಿಯಾಗಿದ್ದರು. ಒಬ್ಬರು ನಮ್ಮ ಯಜಮಾನರು ಚಂದ್ರಮೌಳಿ, ಇಲ್ಲಿನ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಇನ್ನೊಬ್ಬ ಅವರ ಗೆಳೆಯ ದ್ವಾರಕಾನಾಥ. ಎರಡು ಸಾವಿರದ ಇಸವಿ ಹುಟ್ಟುತ್ತಲೇ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ವೈ-ಟು-ಕೆ ಭೂತ ಬಿಡಿಸುವ ಕೆಲಸಕ್ಕೆಂದು ಅವನನ್ನು ಬೆಂಗಳೂರಿನ ಕಂಪನಿ ಕಳಿಸಿತ್ತು. ಆ ಭೂತ ಬಾರದೆ ಹೋದ ಮೇಲೂ ಇಲ್ಲೇ ಉಳಿದಿದ್ದ. ಇಬ್ಬರಿಗೂ ಅಮೆರಿಕದಲ್ಲಿ ಓಟಿಲ್ಲ. ಇಬ್ಬರೂ ಆ ದೇಶಕ್ಕೆ ಕಾಲಿಟ್ಟವರೂ ಅಲ್ಲ.

ದ್ವಾರಕಾನಾಥನದು ಅಲ್ಲಿನ ಆನೆ ಗುರುತಿನ ಪಕ್ಷ. ತೆರಿಗೆ ಇಳಿಸಿ, ದುಡ್ಡನ್ನು ಜನರ ಕೈಗೇ ಕೊಡಿ, ಮಕ್ಕಳನ್ನು ಎಲ್ಲಿ ಓದಿಸಬೇಕೆಂದು ಅಪ್ಪ ಅಮ್ಮ ನೋಡಿಕೊಳ್ಳುತ್ತಾರೆ ಎಂಬುದು ಅವನ ವಾದ. ನಮ್ಮವರದು ಕತ್ತೆ ಗುರುತಿನ ಪಕ್ಷ. ಶಾಲೆ ಊರಿನ ಆಸ್ತಿ, ಮಕ್ಕಳಿಲ್ಲದವನೂ ಅದಕ್ಕೆ ತೆರಿಗೆ ಕೊಡಲೇಬೇಕು ಎನ್ನುತ್ತಿದ್ದರು. ಆ ವಾರವಂತೂ ಹೊರದೇಶದಿಂದ ಸಿಪಾಯಿಗಳು ಅಂಚೆಯಲ್ಲಿ ಕಳಿಸಿದ ಓಟಿನ ಗಲಾಟೆ. ಕೆಲವು ಲಕೋಟೆಗಳ ಮೇಲೆ ಅಂಚೆ ಮುದ್ರೆ ಇರಲಿಲ್ಲವಂತೆ. ಸಿಪಾಯಿಗಳ ಓಟು ಹೆಚ್ಚಾಗಿ ಆನೆಗೇ ಬೀಳುತ್ತದಂತೆ. ಮುದ್ರೆ ಇಲ್ಲದಿದ್ದರೆ ಓಟೂ ಇಲ್ಲ, ನಿಯಮ ಅಂದರೆ ನಿಯಮ ಎಂದು ನಮ್ಮವರು ಮೇಜು ಕುಟ್ಟಿದರು. ಹಾಕಿದವನ ಮನಸ್ಸು ಗೊತ್ತಿರುವಾಗ ಮುದ್ರೆ ಯಾವ ಲೆಕ್ಕ ಎಂದು ದ್ವಾರಕಾನಾಥ. ಇಬ್ಬರೂ ತಿಂದು ಮುಗಿಸಿದ ಉಪ್ಪಿಟ್ಟಿನ ತಟ್ಟೆ ಎತ್ತುತ್ತಾ ನಾನು ಒಳಗೊಳಗೇ ಉರಿಯುತ್ತಿದ್ದೆ.

ಉರಿಗೆ ಕಾರಣವಿತ್ತು. ಇಲ್ಲಿನ ಕನ್ನಡ ಕೂಟದ ಮಕ್ಕಳಿಗೆ ನಾನು ಪ್ರತಿ ಭಾನುವಾರ ಕನ್ನಡ ಕಲಿಸುತ್ತೇನೆ. ದ್ವಾರಕಾನಾಥನ ಮಗಳು ಸಾಹಿತ್ಯಳೂ ಬರುತ್ತಾಳೆ. ನಗರಸಭೆಯ ಸಮುದಾಯ ಭವನದಲ್ಲಿ ಒಂದು ಕೋಣೆ. ಅದರ ಬಾಡಿಗೆ ಕೂಟದ ಚಂದಾದಿಂದ ಹೋಗುತ್ತಿತ್ತು. ಕೂಟದ ಕಾರ್ಯದರ್ಶಿಯಾಗಿದ್ದ ದ್ವಾರಕಾನಾಥ ಅಮೆರಿಕದ ವಾದವನ್ನು ಹಾಗೇ ಇಲ್ಲಿಗೂ ಎಳೆದು ತಂದ. ಬ್ರಹ್ಮಚಾರಿಗಳ ಚಂದಾದಲ್ಲಿ ಕಂಡವರ ಮಕ್ಕಳಿಗೇಕೆ ಪಾಠ, ಚಂದಾ ಇಳಿಸೋಣ, ಬೇಕಾದವರು ಮನೆಯಲ್ಲೇ ಕಲಿಸಿಕೊಳ್ಳಲಿ ಎಂದು ಠರಾವು ಬರೆದ. ಭಾನುವಾರದ ರಾಜ್ಯೋತ್ಸವದ ದಿನವೇ ಓಟಿಗೆ ಹಾಕುವುದೆಂದಾಯಿತು. ಮನೆಯಲ್ಲಿ ಯಾರು ಕಲಿಸುತ್ತಾರೆ? ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ ಕಿವಿಗೆ ಬೀಳುತ್ತದೆ, ಬಾಯಿಗೆ ಬರುವುದು ಜಪಾನೀಸು. ಆ ತರಗತಿ ನಿಂತರೆ ಈ ಊರಿನಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ನಿಂತಂತೆ. ನಿಲ್ಲಲು ಬಿಡುವುದಿಲ್ಲ ಎಂದು ನಿಶ್ಚಯಿಸಿದ್ದೆ.

ಕೂಟದ ನಿಯಮ ಬರೆದವರು ನಮ್ಮವರೇ. ಒಂದು ಮನೆಗೆ ಒಂದು ಓಟು. ಸದಸ್ಯ ಖುದ್ದಾಗಿ ಬಂದು ಕೈ ಎತ್ತಬೇಕು. ಸದಸ್ಯ ಎಂದರೆ ಗಂಡ. ಹೀಗಾಗಿ ಮದುವೆಯಾಗದ ಹುಡುಗನಿಗೂ ಒಂದು ಓಟು, ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದು ಓಟು. ಅದು ವಿಚಿತ್ರವೆಂದು ಯಾರಿಗೂ ಹೊಳೆದಿರಲಿಲ್ಲ.

ಭಾನುವಾರಕ್ಕೆ ಸರಿಯಾಗಿ ನಮ್ಮವರಿಗೆ ಕೆಲಸದ ಮೇಲೆ ದೂರದ ಸೆಂಡಾಯ್ ನಗರಕ್ಕೆ ಹೋಗಬೇಕಾಗಿ ಬಂತು. ಫೋನಿನಲ್ಲೇ ಓಟು ಹಾಕುತ್ತೇನೆ, ಯೋಚಿಸಬೇಡ ಎಂದು ಧೈರ್ಯ ಹೇಳಿ ಹೋದರು.

ನಾಡಗೀತೆ ಆಯಿತು, ಮಕ್ಕಳ ಹಾಡಾಯಿತು, ಓಟೂ ಬಂತು. ಕೈಗಳು ಎರಡೂ ಕಡೆ ಸಮ ಬಿದ್ದವು. ಅಷ್ಟರಲ್ಲಿ ದ್ವಾರಕಾನಾಥನ ಮೊಬೈಲು ಬಡಿದುಕೊಂಡಿತು, ನಮ್ಮವರು. ತರಗತಿ ಇರಲಿ ಎಂಬುದೇ ತಮ್ಮ ಓಟು ಎಂದರು. ದ್ವಾರಕಾನಾಥ ನಕ್ಕು, ಖುದ್ದು ಹಾಜರಿಲ್ಲ, ಮುದ್ರೆ ಇಲ್ಲ, ನಿಯಮ ಅಂದರೆ ನಿಯಮ ಎಂದ. ಅತ್ತಲಿಂದ ನಮ್ಮವರು, ನನ್ನ ಮನಸ್ಸು ಗೊತ್ತಿದ್ದೂ ನಿಯಮ ಹಿಡಿದು ಕೂರುತ್ತೀಯಲ್ಲ ಎಂದು ಕೂಗಾಡುವುದು ನನ್ನ ಕುರ್ಚಿಗೂ ಕೇಳಿಸುತ್ತಿತ್ತು. ಒಂದು ವಾರದಿಂದ ನಮ್ಮ ಮನೆಯಲ್ಲಿ ಕೂತು ಆಡಿದ ಮಾತನ್ನು ಇಬ್ಬರೂ ಅದಲು ಬದಲು ಮಾಡಿಕೊಂಡಿದ್ದರು, ಅದರ ಪರಿವೆಯೂ ಇಬ್ಬರಿಗಿರಲಿಲ್ಲ. ನನಗೆ ಸಿಟ್ಟು, ನಗು ಒಟ್ಟಿಗೇ ಬಂತು. ದ್ವಾರಕಾನಾಥ ಫೋನ್ ಕಟ್ ಮಾಡಿದ. ನಾನು ಎದ್ದು ನಿಂತು ಕೈ ಎತ್ತಿದೆ.

"ಅತ್ತಿಗೆ, ನಿಮ್ಮನೆ ಮೆಂಬರ್ ಚಂದ್ರಮೌಳಿ," ಎಂದ ದ್ವಾರಕಾನಾಥ.

"ಎಲ್ಲೋ ಸಮುದ್ರದಾಚೆ ಇರೋ ಸಿಪಾಯಿ ಓಟು, ಸ್ಟಾಂಪ್ ಇಲ್ದಿದ್ರೂ ಎಣಿಸ್ಬೇಕು ಅಂತ ನಮ್ಮನೆ ಸೋಫಾ ಮೇಲೆ ಕೂತು ವಾದ ಮಾಡಿದ್ರಿ," ಎಂದೆ. "ನಾನು ನಿಮ್ಮೆದುರಿಗೇ ನಿಂತಿದೀನಿ. ನನ್ನ ಕೈ ಕಾಣಿಸ್ತಿಲ್ವಾ?"

ಹಿಂದೆ ಕಾಫಿ ಬಗ್ಗಿಸುತ್ತಿದ್ದ ದ್ವಾರಕಾನಾಥನ ಹೆಂಡತಿ ಸರಸ್ವತಿ ಫ್ಲಾಸ್ಕ್ ಕೆಳಗಿಟ್ಟಳು. ಸಭೆಯಲ್ಲಿ ಅವಳು ಬಾಯಿ ಬಿಟ್ಟಿದ್ದನ್ನು ನಾನು ಕಂಡಿರಲಿಲ್ಲ.

"ರೀ, ನಮ್ಮ ಸಾಹಿತ್ಯ ಮೊದ್ಲೆಲ್ಲ ಕೋಪ ಬಂದ್ರೆ ಜಪಾನೀಸಲ್ಲಿ ಏನೋ ಗೊಣಗಿ ಬಾಗಿಲು ಹಾಕ್ಕೋತಿದ್ಲು," ಎಂದಳು. "ಈಗ ನನ್ನ ಜೊತೆ ಕನ್ನಡದಲ್ಲೇ ಜಗಳ ಆಡ್ತಾಳೆ. ನಂಗೆ ಆ ಜಗಳ ಬೇಕು. ನನ್ನ ಕೈನೂ ಎಣಿಸಿ."

ಎತ್ತಿದ ಕೈಯನ್ನು ಅವಳು ಇಳಿಸಲಿಲ್ಲ. ನನ್ನ ಕಣ್ಣು ತುಂಬಿತು. ಒಬ್ಬೊಬ್ಬರಾಗಿ ಉಳಿದ ಹೆಂಗಸರೂ ಕೈ ಎತ್ತಿದರು. ಬ್ರಹ್ಮಚಾರಿಗಳ ಸಾಲಿನಿಂದ ಉಮಾಶಂಕರ್ ಎಂಬ ಹುಡುಗ, ಎಣಿಸಿಬಿಡಿ ಸಾರ್, ಬೇಗ ಕಾಫಿ ಕುಡಿಯಬಹುದು ಎಂದ.

ದ್ವಾರಕಾನಾಥನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನು ಹೆಂಡತಿ ಎತ್ತಿದ ಕೈಯತ್ತ ನೋಡಿದ. ಆಮೇಲೆ, ಇನ್ನು ಮುಂದೆ ತಲೆಗೊಂದು ಓಟು, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಿದ. ಯಾರದೂ ಇರಲಿಲ್ಲ. ಎಲ್ಲರ ಕೈಯನ್ನೂ ಮತ್ತೆ ಮೊದಲಿನಿಂದ ಎಣಿಸಿದ. ಫ್ಲಾರಿಡಾದ ತಂಟೆ ಇಲ್ಲಿ ಬೇಡವೆಂದು ಇನ್ನೊಂದು ಸಲ ಎಣಿಸಿ, ತಾನು ಸೋತೆನೆಂದು ತಾನೇ ಘೋಷಿಸಿದ. ತರಗತಿ ಉಳಿಯಿತು.

ಸಂಜೆ ನಮ್ಮವರು ಬಾಗಿಲಲ್ಲಿ ಶೂ ಬಿಚ್ಚುತ್ತಲೇ ಏನಾಯಿತೆಂದು ಕೇಳಿದರು. ತರಗತಿ ಉಳಿಯಿತು ಎಂದೆ. ಅವರ ಮುಖ ಊರಗಲವಾಯಿತು.

"ನೋಡಿದ್ಯಾ? ಕೊನೆಗೂ ನನ್ನ ಓಟು ಎಣಿಸಿದ್ರು ತಾನೇ?"

"ಇಲ್ಲ ರೀ, ಅದಕ್ಕೆ ಮುದ್ರೆ ಇರ್ಲಿಲ್ಲ," ಎಂದೆ. "ನಂದು ಎಣಿಸಿದ್ರು."